ಬಸಲಿಂಗಯ್ಯನ ಹೊಗೆಯಿಲ್ಲದ ಇಟ್ಟಿಗೆ

ಬೆಟಗೇರಿಯಲ್ಲಿ ಇಳಿದು ಬಸಲಿಂಗಯ್ಯನವರ ಮನೆ ಎಲ್ಲಿ ಎಂದು ಕೇಳಿದರೆ ಆಟೋದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ರೊಟ್ಟಿ ಬನಶಂಕರೆವ್ವನ ಮನೆ ಎಂದರೆ ಮರುಮಾತಿಲ್ಲದೆ ಹತ್ತಿಸಿಕೊಂಡು ಹೋಗಿ ಬಾಗಿಲ ಮುಂದೆಯೇ ಇಳಿಸುತ್ತಾರೆ. ಎರಡೂ ಒಂದೇ ಮನೆ. ಈ ಸಂಗತಿಯನ್ನು ಬಸಲಿಂಗಯ್ಯನಿಗೆ ತಿಳಿಸುವ ಧೈರ್ಯ ಓಣಿಯಲ್ಲಿ ಬಹಳ ಜನರಿಗೆ ಇಲ್ಲ. ಧೈರ್ಯ ಇದ್ದವರಿಗೆ ಹೇಳಿ ಪ್ರಯೋಜನವಿಲ್ಲವೆಂದು ಗೊತ್ತಿದೆ. ಅವನ ಲೆಕ್ಕದಲ್ಲಿ ಅದು ಮನೆಯೇ ಅಲ್ಲ, ‘ಕೇಂದ್ರ ಕಚೇರಿ’. ಬಾಗಿಲ ಮೇಲೆ ಹಾಗೆಂದು ಬೋರ್ಡೂ ಇದೆ. ಬೋರ್ಡಿನ ಕೆಳಗೆ ಯಾವಾಗಲೂ ಖಡಕ್ ರೊಟ್ಟಿಯ ಬುಟ್ಟಿಗಳು ಇರುವುದರಿಂದ ಬಂದವರೆಲ್ಲ ಕೇಂದ್ರ ಕಚೇರಿಯಲ್ಲಿ ರೊಟ್ಟಿಯ ದರ ಕೇಳುತ್ತಾರೆ.

ಬಸಲಿಂಗಯ್ಯ ಹುಟ್ಟಿದ್ದು ನೇಕಾರರ ಮನೆಯಲ್ಲಿ. ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ. ಮಗನೂ ಹರೆಯದಲ್ಲಿ ಒಂದಷ್ಟು ಕಾಲ ಮಗ್ಗಕ್ಕೆ ಕೂತ. ಆದರೆ ಅವನಿಗೆ ಲಾಳಿ ಎಸೆಯುತ್ತಲೇ ಮಾತಾಡುವ ಚಟ. ಮಾತು ಒಂದು ಕಡೆ, ಎಳೆ ಒಂದು ಕಡೆ ಹೋಗಿ ಸೀರೆಯ ಅಂಚಿನಲ್ಲಿ ಎಲ್ಲೂ ಇಲ್ಲದ ಹೊಸ ನಮೂನೆ ಮೂಡುತ್ತಿತ್ತು. ಕೊನೆಗೊಂದು ದಿನ ಅಪ್ಪ, “ಎದ್ದೇಳ ಮಾರಾಯಾ. ನೀ ಮಾತ ನೇಯಿ, ಸೀರಿ ನಾ ನೇಯ್ತೀನಿ” ಎಂದ. ಅದು ಬೈಗುಳ ಎಂದು ಓಣಿಗೆಲ್ಲ ತಿಳಿಯಿತು. ಮಗ ಮಾತ್ರ ಅದನ್ನು ಆಶೀರ್ವಾದವೆಂದು ತಲೆಯ ಮೇಲೆ ಹೊತ್ತುಕೊಂಡ.

ಅಂದಿನಿಂದ ಅವನು ಉದ್ಯಮಿ. ಅದರಲ್ಲೂ ಪರಿಸರದ ಉದ್ಯಮಿ. ಮೊದಲು ಬಿಸಿಲಿನ ಒಲೆ ತಂದ. ಮುಂಜಾನೆ ಅದರಲ್ಲಿ ಇಟ್ಟ ಅಕ್ಕಿ ಸಂಜೆಗೆ ಬೆಂದಿರಲಿಲ್ಲ, ಬೆಚ್ಚಗಾಗಿತ್ತು. ಆಮೇಲೆ ಎರೆಹುಳು ಸಾಕಿದ. ಹುಳುಗಳನ್ನು ಇರುವೆಗಳು ತಿಂದವು. ಇರುವೆಗಳಿಗೆ ಪೌಷ್ಟಿಕ ಆಹಾರ ಸಿಕ್ಕಿತೆಂಬುದನ್ನು ಬಿಟ್ಟರೆ ಆ ಉದ್ಯಮದಿಂದ ಪರಿಸರಕ್ಕೆ ಬೇರೆ ಲಾಭವಾದ ಸುದ್ದಿ ಇಲ್ಲ. ಪ್ರತಿ ಉದ್ಯಮಕ್ಕೂ ಅವನು ಹೊಸ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿದ. ಗದಗಿನಲ್ಲಿ ಪ್ರೆಸ್ಸುಗಳಿಗೆ ಬರವಿಲ್ಲ. ಅವನ ಮೂವತ್ತು ವರ್ಷದ ದುಡಿಮೆಯಿಂದ ಬೆಳೆದ ಸ್ಥಳೀಯ ಉದ್ಯಮ ಯಾವುದಾದರೂ ಇದ್ದರೆ ಅದು ಮುದ್ರಣೋದ್ಯಮ.

ಈ ಮೂವತ್ತು ವರ್ಷ ಮನೆ ನಡೆದದ್ದು ಬನಶಂಕರೆವ್ವನ ರೊಟ್ಟಿಯಿಂದ. ಹಾಸ್ಟೆಲ್ಲು, ಖಾನಾವಳಿ, ಮದುವೆ ಮನೆ ಎಲ್ಲ ಕಡೆ ಅವಳ ರೊಟ್ಟಿ ಹೋಗುತ್ತದೆ. ರಾಮವ್ವ ಎಂಬ ಹಿರಿಯಳೂ ಓಣಿಯ ಇನ್ನಿಬ್ಬರು ಹೆಂಗಸರೂ ಅವಳ ಜೊತೆ ಕೂತು ಬಡಿಯುತ್ತಾರೆ. ಅಡುಗೆಮನೆ ಎಷ್ಟು ಇಕ್ಕಟ್ಟೆಂದರೆ ಒಬ್ಬಳು ರೊಟ್ಟಿ ತಿರುವಿ ಹಾಕಬೇಕಾದರೆ ಉಳಿದವರು ಮೊಣಕೈ ಒಳಗೆ ಎಳೆದುಕೊಳ್ಳಬೇಕು. ಒಲೆಗೆ ಜಾಲಿ ಕಟ್ಟಿಗೆ. ಮಳೆಗಾಲದಲ್ಲಿ ಹಸಿ ಜಾಲಿ. ಹೊಗೆಗೆ ಹೊರಹೋಗಲು ಇದ್ದ ದಾರಿ ಒಂದೇ, ಆ ನಾಲ್ವರ ಮೂಗು.

ಹಿತ್ತಲಲ್ಲಿ ಮಗ್ಗದ ಮನೆ ಖಾಲಿ ಬಿದ್ದಿತ್ತು. ಎತ್ತರದ ಮಾಡು, ಎರಡೂ ಕಡೆ ಕಿಟಕಿ, ಗಾಳಿಯೋ ಗಾಳಿ. ಬಸಲಿಂಗಯ್ಯನ ತಾಯಿ ಸಾಯುವ ಮುಂಚೆ ಅದನ್ನು ಸೊಸೆಯ ಹೆಸರಿಗೆ ಬರೆಸಿದ್ದಳು. ಮಗನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಮಗನ ಪರಿಚಯವೂ ಇತ್ತು. ಬನಶಂಕರೆವ್ವನಿಗೆ ಇದ್ದ ಆಸೆ ಒಂದೇ: ಒಲೆಗಳನ್ನು ಆ ಮಗ್ಗದ ಮನೆಗೆ ಒಯ್ಯಬೇಕು, ನಾಲ್ಕು ಜನ ಕಾಲು ಚಾಚಿ ಕೂತು ಉಸಿರಾಡುತ್ತ ರೊಟ್ಟಿ ಬಡಿಯಬೇಕು. ಅವಳು ಹಾಗೆಂದು ಬಾಯಿ ಬಿಡುವ ಹೊತ್ತಿಗೆ ಗಂಡ ಅಲ್ಲೊಂದು ಯಂತ್ರ ತಂದು ಇಳಿಸಿದ್ದ.

ಯಂತ್ರದ ಕಥೆ ಹೀಗಿದೆ. ನಮ್ಮ ಕಡೆ ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ನಿಂತ ಹತ್ತಿಗಿಡವನ್ನು ಕಿತ್ತು, ಒಟ್ಟಿ, ಬದುವಿನಲ್ಲೇ ಬೆಂಕಿ ಹಚ್ಚುತ್ತಾರೆ. ಆ ದಿನಗಳಲ್ಲಿ ಮುಳಗುಂದದಿಂದ ಲಕ್ಷ್ಮೇಶ್ವರದವರೆಗೆ ಬಸ್ಸಿನ ಕಿಟಕಿ ತೆರೆದರೆ ಹೊಗೆಯೂ ಟಿಕೆಟ್ ಇಲ್ಲದೆ ಹತ್ತಿಕೊಳ್ಳುತ್ತದೆ. ಶಿರಹಟ್ಟಿಗೆ ಮದುವೆಗೆ ಹೊರಟಿದ್ದ ಬಸಲಿಂಗಯ್ಯನ ಕಣ್ಣಿಗೆ ಒಮ್ಮೆ ಈ ಹೊಗೆ ಹೋಯಿತು. ಬೇರೆಯವರಾಗಿದ್ದರೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಇವನು ಹೊಸ ಕಾರ್ಡ್ ಅಚ್ಚು ಹಾಕಿಸಿದ.

ಮುಂಡರಗಿಯಲ್ಲಿ ಯಾರೋ ನಡೆಸಿ, ಸಾಕಾಗಿ, ಮುಚ್ಚಿದ್ದ ಘಟಕದಿಂದ ಹಳೆ ಯಂತ್ರ ಬಂತು. ಬೆಟಗೇರಿಯ ವೆಲ್ಡಿಂಗ್ ಅಂಗಡಿಯ ತಾರೀಖ ಎಂಬವನು ಅದನ್ನು ಬಡಿದು, ಬೆಸೆದು, ಬೈದು ಓಡುವಂತೆ ಮಾಡಿದ. ಹತ್ತಿಕಟ್ಟಿಗೆಯನ್ನು ಪುಡಿ ಮಾಡಿ, ಶೇಂಗಾ ಸಿಪ್ಪೆ ಬೆರೆಸಿ ಒತ್ತಿದರೆ ತೋಳಿನ ಗಾತ್ರದ ತುಂಡುಗಳು ಬರುತ್ತವೆ. ದುಂಡಗಿದ್ದರೂ ಅವುಗಳಿಗೆ ಇಟ್ಟಿಗೆ ಎಂದೇ ಹೆಸರು. ಓಣಿಯವರ ಬಾಯಲ್ಲಿ ಇಟ್ಟಂಗಿ. ಒಲೆಗೆ ಹಾಕಿದರೆ ಕಟ್ಟಿಗೆಗಿಂತ ಹೆಚ್ಚು ಹೊತ್ತು ಉರಿಯುತ್ತವೆ, ಹೊಗೆ ಬರುವುದಿಲ್ಲ ಎಂದು ಯಂತ್ರದ ಜೊತೆ ಬಂದ ಬಣ್ಣದ ಹಾಳೆಯಲ್ಲಿ ಅಚ್ಚಾಗಿತ್ತು. ಬಸಲಿಂಗಯ್ಯ ಆ ಹಾಳೆಯನ್ನು ಬಾಯಿಪಾಠ ಮಾಡಿದ. ಆದರೆ ಒಂದು ಇಟ್ಟಿಗೆಯನ್ನೂ ಸುಡಲಿಲ್ಲ.

ಸುಡದೆ ಇದ್ದದ್ದಕ್ಕೆ ಕಾರಣ ಚನ್ನಬಸವಣ್ಣ.

ಚನ್ನಬಸವಣ್ಣನವರದು ಗದಗಿನಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ಜೀವಮಾನವಿಡೀ ಕಾಯಿ ಮೂಸಿ ದರ ಹೇಳಿ ನಾಲ್ಕು ಕಾಸು ಮಾಡಿಕೊಂಡ ಸಾಹುಕಾರರು. ಅಲ್ಲಿಗೆ ನಿಂತಿದ್ದರೆ ಯಾರ ತಕರಾರೂ ಇರಲಿಲ್ಲ. ಹುಬ್ಬಳ್ಳಿಯ ಹೋಟೆಲೊಂದರಲ್ಲಿ ‘ಹಸಿರು ಹೂಡಿಕೆ’ ಎಂಬ ವಿಷಯದ ಮೇಲೆ ನಡೆದ ಶಿಬಿರಕ್ಕೆ ಹೋಗಿ ಬಂದರು ನೋಡಿ, ಅಂದಿನಿಂದ ಅವರು ಸಾಹುಕಾರರಾಗಿ ಉಳಿಯಲಿಲ್ಲ, ಹೂಡಿಕೆದಾರರಾದರು. ಅಲ್ಲಿ ಕೊರಳಿಗೆ ಹಾಕಿದ ಬಿಲ್ಲೆ ಈಗಲೂ ಅವರ ಕಾರಿನ ಮುಂದೆ ತೂಗಾಡುತ್ತದೆ. ಮೊದಲು ಆ ಜಾಗದಲ್ಲಿ ನಿಂಬೆಹಣ್ಣು ಮೆಣಸಿನಕಾಯಿ ಇತ್ತು. ಹಾಗೆ ನೋಡಿದರೆ ಈವರೆಗೆ ಅವರ ಒಟ್ಟು ಹಸಿರು ಹೂಡಿಕೆ ಆ ಮೆಣಸಿನಕಾಯಿಯೇ.

ಅವರು ಮಗ್ಗದ ಮನೆಗೆ ಬಂದರು. ಕುರ್ಚಿಯ ಮೇಲೆ ಕೂತರು. ಆಗ ನಡೆದ ಮಾತು ಆಮೇಲೆ ವರ್ಷವಿಡೀ ನಡೆದ ಮಾತೇ.

“ಒಂದ ಇಟ್ಟಂಗಿ ಸುಟ್ಟ ತೋರಸ್ಲ್ಯಾ, ಸಾವ್ಕಾರ್ರ?” ಎಂದ ಬಸಲಿಂಗಯ್ಯ.

“ಹುಚ್ಚರಿದ್ದೀರೇನು ಬಸಲಿಂಗಯ್ಯನೋರ! ಒಂದ ಕಾಯಿ ಮೂಸಿ ಚೀಲದ ದರ ಹೇಳೂ ಕಾಲ ಹೋತು. ಸ್ಕೇಲ್ ಬೇಕ್ರೀ, ಸ್ಕೇಲ್. ರಾಶಿ ಆಗ್ಲಿ. ರಾಶಿ ನೋಡಿ ನಾ ಕೈ ಹಾಕ್ತೀನಿ.”

“ನೀವ ಕೈ ಹಾಕಿದ್ರ ರಾಶಿ ಜಲ್ದಿ ಆಗತಿತ್ತಲ್ರೀ.”

“ರಾಶಿ ಆದ್ರ ನಾ ಕೈ ಹಾಕೂದು ತಡಾ ಇಲ್ಲ.”

ಇದಕ್ಕೆ ಅವರಿಬ್ಬರೂ ಸಹಭಾಗಿತ್ವ ಎಂದು ಹೆಸರಿಟ್ಟರು. ಒಬ್ಬ ಹೊಳೆಯ ಆ ದಂಡೆಯಲ್ಲಿ, ಇನ್ನೊಬ್ಬ ಈ ದಂಡೆಯಲ್ಲಿ ನಿಂತು, ನೀ ಮೊದಲು ಇಳಿ, ನೀ ಮೊದಲು ಇಳಿ ಎಂದು ಕೈಮುಗಿಯುವ ಸಹಭಾಗಿತ್ವ. ವಾರಕ್ಕೊಮ್ಮೆ ಸಭೆ. ಸಭೆಗೆ ಮಿರ್ಚಿ ಗಿರ್ಮಿಟ್ಟು. ಚಹಾ ಒಳಗಿನಿಂದ, ಹೊಗೆ ಕುಡಿದವರು ಮಾಡಿ ಕಳಿಸಿದ್ದು. ಒಮ್ಮೆ ಕಲ್ಯಾಣ ಮಂಟಪ ಹಿಡಿದು ‘ಉದ್ಯಮಿ–ಹೂಡಿಕೆದಾರ ಹಸಿರು ಸಂವಾದ’ವನ್ನೂ ಮಾಡಿದರು. ಅಷ್ಟುದ್ದದ ಪ್ಲಾಸ್ಟಿಕ್ ಫ್ಲೆಕ್ಸು, ಪ್ರತಿ ಕುರ್ಚಿಗೆ ಪ್ಲಾಸ್ಟಿಕ್ ಬಾಟಲಿಯ ನೀರು, ವೇದಿಕೆಯ ಮೇಲಿದ್ದವರಿಗೆ ಪ್ಲಾಸ್ಟಿಕ್ ಹೂವಿನ ಹಾರ. ಕಣಗಿನಹಾಳದ ರೈತರೊಬ್ಬರು ಎದ್ದು, “ಅಲ್ರೀ, ಇಟ್ಟಂಗಿ ಉರೀತಾವೇನ್ರಿ?” ಎಂದು ಕೇಳಿದರು. ಪ್ರಶ್ನೋತ್ತರಕ್ಕೆ ಸಮಯವಿಲ್ಲವೆಂದು ಹೇಳಿ ಅವರಿಗೆ ಶಾಲು ಹೊದಿಸಿ ಕೂರಿಸಿದರು.

ರಾಶಿ ಬೆಳೆಯುತ್ತ ಹೋಯಿತು. ತಾರೀಖ ಬಿಡುವಿದ್ದಾಗ ಬಂದು ಯಂತ್ರ ತಿರುಗಿಸುವನು, ಇಟ್ಟಿಗೆ ಉದುರುವವು, ಬಸಲಿಂಗಯ್ಯ ಅವುಗಳನ್ನು ಒಪ್ಪವಾಗಿ ಜೋಡಿಸಿ ಸಂವಾದದ ಫ್ಲೆಕ್ಸು ಹೊದಿಸುವನು. ಬೇಸಿಗೆ ಹೋಗಿ ಮಳೆಗಾಲ ಬಂತು, ಜಾಲಿ ಹಸಿಯಾಯಿತು. ಒಂದು ದಿನ ಬನಶಂಕರೆವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಹಿತ್ತಲಿಗೆ ಬಂದಳು.

“ಅಲ್ರೀ, ಇದರಾಗಿಂದು ನಾಕು ಇಟ್ಟಂಗಿ ಒಲಿಗೆ ಒಯ್ತೀನಿ. ರಾಮವ್ವಗ ಕೆಮ್ಮು ಬಿಡವಲ್ದು.”

“ಏ ಏ, ಮುಟ್ಟಬ್ಯಾಡ. ಅದು ಸ್ಟಾಕ್ ಐತಿ.”

“ಸ್ಟಾಕ್ ಅಂದ್ರ?”

“ಸ್ಟಾಕ್ ಅಂದ್ರ... ಬಳಸಬಾರದು ಅಂತ.”

“ಉರಿಸಾಕ ಮಾಡಿದ್ದನ್ನ ಉರಿಸಬಾರದಾ?”

“ನಿನಗ ತಿಳಿಯೂದಿಲ್ಲ. ಸಾವ್ಕಾರ್ರು ರಾಶಿ ನೋಡಬೇಕು. ನೀ ಒಂದೊಂದ ಎಳಕೊಂಡು ಹೋದ್ರ ಸ್ಕೇಲ್ ಕೆಡತೈತಿ.”

ಒಳಗಿನಿಂದ ರಾಮವ್ವ ಕೆಮ್ಮಿನ ನಡುವೆಯೇ ಕೂಗಿದಳು: “ಯವ್ವಾ ಬನಶಂಕ್ರೀ, ನಿನ್ನ ಗಂಡ ಪರಿಸರ ಉಳಸಾಕತ್ತಾನಂತ. ನಾವು ನಾಕ ಮಂದಿ ಪರಿಸರದಾಗ ಬರ್ತೀವೋ ಇಲ್ಲೋ, ಕೇಳು!”

ಬಸಲಿಂಗಯ್ಯ ಈ ಪ್ರಶ್ನೆಗೂ ಸಮಯವಿಲ್ಲವೆಂಬಂತೆ ಫ್ಲೆಕ್ಸಿನ ಮೂಲೆ ಸರಿಪಡಿಸಿದ. ಆಗ ಬನಶಂಕರೆವ್ವ ದನಿ ಏರಿಸದೆ ಒಂದು ಕರಾರು ಹಾಕಿದಳು.

“ಆತು. ಯುಗಾದಿ ತನಕ ನೋಡ್ತೀನಿ. ಅಷ್ಟರಾಗ ನಿಮ್ಮ ಸಾವ್ಕಾರ ಕೈ ಹಾಕ್ಲಿ, ಯಂತ್ರ ದಿನಾ ತಿರಗ್ಲಿ, ಮಗ್ಗದ ಮನಿ ನಿಮಗ ಬಿಟ್ಟೆ. ಇಲ್ಲಾಂದ್ರ ಯುಗಾದಿ ದಿನ ನನ್ನ ಒಲಿ ಅಲ್ಲಿ ಹೂಡ್ತೀನಿ.”

ಮಗ್ಗದ ಮನೆ ತನ್ನ ಹೆಸರಿನಲ್ಲಿದೆ ಎಂಬ ಮಾತನ್ನು ಅವಳು ಎತ್ತಲಿಲ್ಲ. ಎತ್ತದೆ ಇದ್ದದ್ದೇ ಬಸಲಿಂಗಯ್ಯನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಮರುದಿನವೇ ಗದಗಿಗೆ ಓಡಿ ಚನ್ನಬಸವಣ್ಣನವರಿಗೆ ರಾಶಿ ಮಾಡಿಗೆ ಮುಟ್ಟಲು ಬಂದಿದೆ, ಇನ್ನು ಬಂದು ನೋಡಲೇಬೇಕು ಎಂದು ದುಂಬಾಲು ಬಿದ್ದ. ಅವರು ಪಂಚಾಂಗ ತಿರುವಿ, ಹಿಂದೆ ಸರಿದು, ಮುಂದೆ ಸರಿದು, ಕಡೆಗೆ ಹೋಳಿ ಹುಣ್ಣಿಮೆಯ ದಿನ ಗೊತ್ತು ಮಾಡಿದರು. ಯುಗಾದಿಗೆ ಇನ್ನೂ ಹದಿನೈದು ದಿನ ಇರುತ್ತದೆ. ಬಸಲಿಂಗಯ್ಯ ಮಗ್ಗದ ಮನೆಯನ್ನು ಗೆದ್ದೇಬಿಟ್ಟೆನೆಂದು ತಿಳಿದ.

ಇಲ್ಲಿ ಹೋಳಿಯ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ನಮ್ಮಲ್ಲಿ ಕಾಮಣ್ಣನನ್ನು ಸುಡಲು ಕಟ್ಟಿಗೆ, ಸೆಗಣಿಯ ಕುಳ್ಳುಗಳನ್ನು ಕೇಳಿ ತರುವುದಿಲ್ಲ, ಕದ್ದು ತರುತ್ತಾರೆ. ಕದ್ದದ್ದು ಒಮ್ಮೆ ಕಾಮಣ್ಣನ ಒಟ್ಟಿಲು ಸೇರಿತೆಂದರೆ ಮುಗಿಯಿತು. ವಾಪಸು ಕೇಳುವಂತಿಲ್ಲ, ಯಾರು ಒಯ್ದರೆಂದು ವಿಚಾರಿಸುವಂತಿಲ್ಲ. ವಿಚಾರಿಸಿದವನ ಬಾಗಿಲಿಗೇ ಮರುವರ್ಷ ಸಂಚಕಾರ. ಮಾತುಮಾತಿಗೆ ನೋಟೀಸು ಕಳಿಸುವ ವಕೀಲರೂ ತಮ್ಮ ಮಂಚ ಉರಿಯುವುದನ್ನು ನೋಡಿ ನಕ್ಕು ಮನೆಗೆ ಹೋಗಿದ್ದಾರೆ.

ಆ ಓಣಿಯ ಕಾಮಣ್ಣನ ಕಮಿಟಿಗೆ ಬಸಲಿಂಗಯ್ಯನೇ ಗೌರವ ಅಧ್ಯಕ್ಷ. ಯಾವ ಕಮಿಟಿಯಾದರೂ ಸರಿ, ಗೌರವ ಕೊಟ್ಟರೆ ಅವನು ಒಲ್ಲೆ ಎನ್ನುವವನಲ್ಲ. ಈ ಸಲ ಅವನು ಹುಡುಗರನ್ನೆಲ್ಲ ಕೂಡಿಸಿ ಉಪದೇಶ ಮಾಡಿದ.

“ಹಸಿ ಗಿಡಕ್ಕ ಕೈ ಹಚ್ಚಬ್ಯಾಡ್ರಿ. ಟೈರು ಸುಡಬ್ಯಾಡ್ರಿ. ಮಂದಿ ಬಾಗಿಲಾ, ಮಂಚಾ ತರಬ್ಯಾಡ್ರಿ. ಒಣಾ ತ್ಯಾಜ್ಯ ಅಷ್ಟ. ಬಳಕಿ ಇಲ್ದ ಬಿದ್ದದ್ದು, ಹೊಲದ ಕಸಾ, ಅಂಥಾದ್ದು. ಈ ವರ್ಷ ನಮ್ಮ ಓಣಿ ಕಾಮಣ್ಣ ಹೊಗಿ ಇಲ್ಲದ ಕಾಮಣ್ಣ ಆಗಬೇಕು. ಇಡೀ ಗದಗ-ಬೆಟಗೇರಿಗೆ ಮಾದರಿ ಆಗಬೇಕು.”

ಆಟೋ ಓಡಿಸುವ ಅಜಯಕುಮಾರ ಕಮಿಟಿಯ ಮುಂದಾಳು. ಅವನು ಬಹಳ ವಿನಯದಿಂದ ಎದ್ದು ನಿಂತ.

“ಕಾಕಾ, ಬಳಕಿ ಇಲ್ದ ಬಿದ್ದದ್ದು ಯಾರ ಮನ್ಯಾಗಿದ್ರೂ ನಡೀತೈತೇನು?”

“ನಡೀತೈತಿ ಅಂದ್ರ! ಅಂಥವರಿಗೆ ನೀವು ಉಪಕಾರ ಮಾಡಿದಂಗ.”

“ಮತ್ತ ಕಾಕಾ, ಹೊಗಿ ಬರಲಾರದ್ದು ಅಂದ್ರ ಯಾವುದು?”

ಅದನ್ನು ಕೇಳಬಾರದಾಗಿತ್ತು. ಬಸಲಿಂಗಯ್ಯ ಬಾಯಿಪಾಠ ಮಾಡಿದ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದ. ಹತ್ತಿಕಟ್ಟಿಗೆಯ ಇಟ್ಟಿಗೆಗೆ ಸಮನಾದದ್ದು ಈ ಭೂಮಿಯ ಮೇಲೆ ಇಲ್ಲವೆಂದ. ಅಜಯಕುಮಾರ ತಲೆಯಾಡಿಸುತ್ತ ಕೇಳಿದ. ಬಸಲಿಂಗಯ್ಯನ ಭಾಷಣವನ್ನು ಅಷ್ಟು ಗಮನವಿಟ್ಟು ಕೇಳಿದವರು ಅವನ ಆಯುಷ್ಯದಲ್ಲೇ ಇರಲಿಲ್ಲ. ಮನೆಗೆ ಬಂದು ಹೆಂಡತಿಗೂ ಹೇಳಿಕೊಂಡು ಹಿಗ್ಗಿದ.

ಬನಶಂಕರೆವ್ವ ಹಿಟ್ಟು ನಾದುತ್ತಿದ್ದಳು. “ಒಣಾ ತ್ಯಾಜ್ಯ ಅಂದ್ರ ಏನ್ರಿ?” ಎಂದು ಕೇಳಿದಳು.

“ಬಳಕಿ ಇಲ್ದ ಬಿದ್ದದ್ದು.”

“ಹೌದಾ,” ಎಂದಳು ಅವಳು. ಹಿಟ್ಟಿಗೆ ಇನ್ನೊಂದಿಷ್ಟು ನೀರು ಹಾಕಿಕೊಂಡಳು.

ಹುಣ್ಣಿಮೆಯ ಹಿಂದಿನ ದಿನ ಬಸಲಿಂಗಯ್ಯ ಚನ್ನಬಸವಣ್ಣನವರ ಮನೆಗೆ ಹೋದ. ಹೊಸ ಕಂಪನಿಯ ಬೋರ್ಡಿನಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬ ಗಹನವಾದ ವಿಷಯ ಇತ್ಯರ್ಥವಾಗಬೇಕಿತ್ತು. ಕಂಪನಿ ಇನ್ನೂ ಇರಲಿಲ್ಲ. ಬೋರ್ಡಿನ ಅಳತೆ ಇತ್ತು. ಮೇಲೆ ಕೆಳಗೆ ಬೇಡ, ಅಕ್ಕಪಕ್ಕ ಬರಲಿ ಎಂದು ಬಸಲಿಂಗಯ್ಯ. ಹಾಗಾದರೆ ಎಡಕ್ಕೆ ಯಾರು ಎಂದು ಚನ್ನಬಸವಣ್ಣ. ಮಾತು ಮುಗಿಯದೆ ಅವನು ಅಲ್ಲೇ ಉಂಡು, ಅಲ್ಲೇ ಮಲಗಿದ. ಬೆಳಗಾಗುವ ಮುಂಚೆ ಇಬ್ಬರೂ ಸಾಹುಕಾರರ ಕಾರಿನಲ್ಲಿ ನೇರವಾಗಿ ಓಣಿಯ ಕೂಡುರಸ್ತೆಗೆ ಬಂದು ಇಳಿದರು. ಮೊದಲು ಕಾಮದಹನ, ಆಮೇಲೆ ರಾಶಿ ನೋಡುವುದು, ಆಮೇಲೆ ಕೈ ಹಾಕುವುದು ಎಂದು ಮಾತಾಗಿತ್ತು.

ಹಲಗೆ ಬಾರಿಸುತ್ತಿದ್ದರು. ಒಟ್ಟಿಲು ಭರ್ಜರಿಯಾಗಿತ್ತು. ಹೊರಗೆಲ್ಲ ಒಣ ಮುಳ್ಳು, ಹತ್ತಿಕಟ್ಟಿಗೆ, ಕುಳ್ಳು. ತುದಿಯಲ್ಲಿ ಮೀಸೆಯ ಕಾಮಣ್ಣ. ಟೈರಿಲ್ಲ, ಬಾಗಿಲಿಲ್ಲ. ಬಸಲಿಂಗಯ್ಯನ ಎದೆ ಉಬ್ಬಿತು. ಅಜಯಕುಮಾರ ಉರಿಯುವ ಕೊಳ್ಳಿ ತಂದು ಅಧ್ಯಕ್ಷರ ಕೈಗೆ ಕೊಟ್ಟ. ಅಧ್ಯಕ್ಷರು ಮುಖ್ಯ ಅತಿಥಿಗಳ ಕಡೆ ಚಾಚಿದರು. ಮುಖ್ಯ ಅತಿಥಿಗಳು, ನೀವೇ ಹಚ್ಚಿರಿ ಎಂದರು. ನೀವು ನೀವು ಎಂದು ಒಂದಷ್ಟು ಹೊತ್ತಾಗಿ ಕೊಳ್ಳಿ ಕೈ ಸುಡತೊಡಗಿದ ಮೇಲೆ ಇಬ್ಬರೂ ಸೇರಿ ಹಿಡಿದು ಬೆಂಕಿ ಹಚ್ಚಿದರು. ಉದ್ಯಮಿ ಮತ್ತು ಹೂಡಿಕೆದಾರ ಜಂಟಿಯಾಗಿ ಮಾಡಿದ ಮೊದಲ ಕೆಲಸ ಅದು.

ಮುಳ್ಳು ಚಟಚಟ ಎಂದು ಉರಿದು ಇಳಿಯಿತು. ಕುಳ್ಳು ಹೊಗೆಯಾಡಿ ಬೂದಿಯಾಯಿತು. ಬಸಲಿಂಗಯ್ಯ ಪರಿಸರದ ಮೇಲೆ ನಾಲ್ಕು ಮಾತು ಶುರುಮಾಡಿದ್ದ. ಆಗ ಒಳಗಿನದು ಹೊತ್ತಿಕೊಂಡಿತು. ಹೊಗೆ ತೆಳ್ಳಗಾಗಿ ನಿಂತೇಹೋಯಿತು. ಕೆಂಪಗೆ, ದುಂಡಗೆ, ಸಾಲುಸಾಲಾಗಿ ಜೋಡಿಸಿದ ತೋಳಿನ ಗಾತ್ರದ ತುಂಡುಗಳು ಕೆಂಡವಾಗಿ ಹೊಳೆದವು. ಜೋಡಿಸಿದ ಒಪ್ಪವೂ ಅವನದೇ ಒಪ್ಪ. ಹುಡುಗರು ಅದನ್ನೂ ಕಲಿತಿದ್ದರು.

ಬಸಲಿಂಗಯ್ಯನ ಮಾತು ಮೊಟ್ಟಮೊದಲ ಬಾರಿಗೆ ತಾನಾಗಿ ನಿಂತಿತು. ಬಾಯಿಯ ಮೇಲೆ ಕೈ ಬಂತು. “ಅಯ್ಯಯ್ಯಯ್ಯೋ, ಹೋತು! ನಂದೆಲ್ಲಾ ಹೋತಲ್ಲೋ!” ಎಂದು ಕೂಗಿದ.

ಕಾಮಣ್ಣ ಸುಡುವಾಗ ಬಾಯಿಗೆ ಕೈ ಹಚ್ಚಿ ಲಬೊ ಲಬೊ ಎಂದು ಹೊಯ್ದುಕೊಳ್ಳುವುದು ನಮ್ಮ ವಾಡಿಕೆ. ಯಾರು ಮೊದಲು ಶುರುಮಾಡುತ್ತಾರೋ ಎಂದು ಕಾದಿದ್ದ ಜನಕ್ಕೆ ಅಧ್ಯಕ್ಷರೇ ಶುರುಮಾಡಿದ್ದು ಕಂಡು ಹುರುಪು ಬಂತು. ಇಡೀ ಓಣಿ ಲಬೊ ಲಬೊ ಎಂದಿತು. ಬಸಲಿಂಗಯ್ಯ ಕೂಗಿದಷ್ಟೂ ಹಲಗೆಯ ಪೆಟ್ಟು ಏರಿತು. ಅವನು ಎದೆ ಬಡಿದುಕೊಂಡ, ಅವರೂ ಬಡಿದುಕೊಂಡರು. “ಕಾಕಾ ಈ ಸಲ ಭಾಳ ಕಳಕಳಿಲೆ ಹೊಯ್ಕೊಳ್ಳಾಕತ್ತಾನ” ಎಂದು ಮೆಚ್ಚಿದರು. ಚನ್ನಬಸವಣ್ಣನವರೂ ಅತಿಥಿ ಧರ್ಮಕ್ಕೆ ತಕ್ಕಂತೆ ಉಂಗುರದ ಕೈಯನ್ನು ಬಾಯಿಗಿಟ್ಟು ಸಣ್ಣಗೆ ಎರಡು ಸಲ ಲಬೊ ಎಂದರು.

ಗದ್ದಲ ಇಳಿದ ಮೇಲೆ ಅವರು ಕೈ ಒರೆಸಿಕೊಂಡು, “ಭಾಳ ಚಂದ ಆತ್ರಿ ಬಸಲಿಂಗಯ್ಯನೋರ. ನಡ್ರಿ, ರಾಶಿ ತೋರಸ್ರಿ” ಎಂದರು.

“ನೋಡಾಕತ್ತೀರಲ್ರೀ ಸಾವ್ಕಾರ್ರ.”

“ಎಲ್ಲಿ?”

“ಇದ.”

ಚನ್ನಬಸವಣ್ಣನವರು ಬೆಂಕಿಯನ್ನು ನೋಡಿದರು. ಹಳೆಯ ಅಭ್ಯಾಸ, ಮೂಗು ಮುಂದೆ ಮಾಡಿ ಮೂಸಿದರು. “ಹೊಗಿನ ಇಲ್ಲಲ್ರೀ?” ಎಂದರು.

ಬಸಲಿಂಗಯ್ಯನೂ ಆಗಲೇ ನೋಡಿದ್ದು. “ಹೌದಲ್ಲ! ಖರೇನ ಇಲ್ಲ ನೋಡ್ರಿ!” ಎಂದ. ದುಃಖದಲ್ಲೂ ಅವನ ಮುಖ ಒಂದು ಕ್ಷಣ ಅರಳಿತು. ಇಷ್ಟು ದಿನ ತಾನು ಹೇಳುತ್ತ ಬಂದದ್ದು ನಿಜವಾಗಿರಬಹುದೆಂಬ ಸಂಶಯವೇ ಅವನಿಗೆ ಬಂದಿರಲಿಲ್ಲ.

ತಾರೀಖ ಪಕ್ಕದಲ್ಲೇ ನಿಂತಿದ್ದ. “ಸಾವ್ಕಾರ್ರ, ರಾಶಿ ನೋಡಿ ಕೈ ಹಾಕ್ತೀನಿ ಅಂದಿದ್ರಿ. ನೀವು ಕೇಳಿದ ಸ್ಕೇಲಿನ ಮ್ಯಾಲ ಐತಿ. ಹಾಕ್ತೀರೇನು?” ಎಂದ.

ಸಾಹುಕಾರರು ಎರಡು ಹೆಜ್ಜೆ ಹಿಂದೆ ಸರಿದರು.

ಇಬ್ಬರೂ ಮಗ್ಗದ ಮನೆಗೆ ಬಂದು ನೋಡಿದರೆ ಯಂತ್ರ ಇತ್ತು, ಎರಡು ಕುರ್ಚಿ ಇದ್ದವು, ಮಡಚಿಟ್ಟ ಫ್ಲೆಕ್ಸು ಇತ್ತು. ಬಾಗಿಲ ಕೀಲಿ ಮುರಿದಿರಲಿಲ್ಲ. ನೆಲ ಗುಡಿಸಿ, ಸೆಗಣಿಯಿಂದ ಸಾರಿಸಿತ್ತು. ಕಳ್ಳರು ಕದ್ದ ಮೇಲೆ ನೆಲ ಸಾರಿಸಿ ಹೋದದ್ದನ್ನು ಬಸಲಿಂಗಯ್ಯ ಎಲ್ಲೂ ಕೇಳಿರಲಿಲ್ಲ.

“ಕೀಲಿಕೈ ಯಾರ ಕಡೆ ಇತ್ತು?” ಎಂದು ಗುಡುಗಿದ.

“ಗೂಟಕ್ಕಿತ್ತು,” ಎಂದಳು ಬನಶಂಕರೆವ್ವ. “ಕಾಮಣ್ಣನ ಕಳುವು ವಿಚಾರಸಬಾರದ್ರಿ. ನೀವ ಅಧ್ಯಕ್ಷರು.”

“ಸ್ಟಾಕ್ ಅದು, ಸ್ಟಾಕ್!”

“ಬಳಸಬಾರದ್ದು ಅಂದಿದ್ರಿ. ಬಳಕಿ ಇಲ್ದ ಬಿದ್ದದ್ದು ಒಯ್ರಿ ಅಂತಾನೂ ನೀವ ಅಂದಿದ್ರಿ. ಹುಡುಗ್ರು ಹಿರ್ಯಾರ ಮಾತು ಕೇಳ್ಯಾವು ಪಾಪ. ಬೈಬ್ಯಾಡ್ರಿ.”

ಬಸಲಿಂಗಯ್ಯ ಸಾಹುಕಾರರ ಕಡೆ ತಿರುಗಿದ. ಈಗ ಇದ್ದ ದಾರಿ ಅದೊಂದೇ. “ಹೋದದ್ದು ಹೋತ್ರಿ. ಸುಟ್ಟಿದ್ದನ್ನ ಕಣ್ಣಾರೆ ನೋಡಿದ್ರಲ್ಲ? ಹೊಗಿ ಇಲ್ಲ, ಉರಿ ಭಾರಿ. ಕೈ ಹಾಕ್ರಿ ಇನ್ನ. ಯುಗಾದಿ ಹತ್ರ ಬಂತು.”

ಚನ್ನಬಸವಣ್ಣನವರು ಕುರ್ಚಿಯ ಮೇಲೆ ಒರಗಿ, ಶಿಬಿರದಲ್ಲಿ ಕಲಿತದ್ದನ್ನೆಲ್ಲ ನೆನಪಿಸಿಕೊಂಡರು. “ನೋಡೀನಿ, ಇಲ್ಲ ಅನ್ನೂದಿಲ್ಲ. ಆದ್ರ ಅದು ಧಾರ್ಮಿಕ ಉರಿ. ಅದು ಲೆಕ್ಕಕ್ಕ ಹಿಡಿಯೂದಿಲ್ಲ. ತಾಂತ್ರಿಕ ಉರಿ ಬೇಕು. ಮತ್ತೊಂದ ರಾಶಿ ಆಗ್ಲಿ, ನೋಡೂಣು.”

ಈ ಕಡೆ ಓಣಿಯಲ್ಲಿ ಬೇರೊಂದು ನಡೆಯುತ್ತಿತ್ತು. ಕಾಮಣ್ಣನ ಬೆಂಕಿಯನ್ನು ಮನೆಗೆ ತಂದು ಒಲೆ ಹಚ್ಚುವುದು ಪದ್ಧತಿ. ಪ್ರತಿವರ್ಷ ಹೆಂಗಸರು ಒಂದಿಷ್ಟು ಕೆಂಡ ಒಯ್ಯುತ್ತಾರೆ. ಮನೆ ಮುಟ್ಟುವಷ್ಟರಲ್ಲಿ ಅದು ಬೂದಿ. ಈ ಸಲ ಕಬ್ಬಿಣದ ಬುಟ್ಟಿಯಲ್ಲಿ ಒಯ್ದ ಒಂದೊಂದು ತುಂಡು ಹೋಳಿಗೆಯ ಹೂರಣ ಬೆಂದರೂ ಆರಲಿಲ್ಲ, ಹೋಳಿಗೆ ಬೆಂದರೂ ಆರಲಿಲ್ಲ. ಮಧ್ಯಾಹ್ನ ಒಬ್ಬೊಬ್ಬಳೇ ಬನಶಂಕರೆವ್ವನ ಹಿತ್ತಲಿಗೆ ಬಂದಳು. “ಅಕ್ಕಾ, ಆ ಇಟ್ಟಂಗಿ ಇನ್ನೂ ಅದಾವೇನು?” ಎಂದಳು. ಉದ್ಯಮಿಯೂ ಹೂಡಿಕೆದಾರರೂ ಅಲ್ಲೇ ಕೂತು ಧಾರ್ಮಿಕ ಉರಿ, ತಾಂತ್ರಿಕ ಉರಿ ಎಂದು ವಾದಿಸುತ್ತಿದ್ದರು. ಹೆಂಗಸರು ಅವರನ್ನು ದಾಟಿಕೊಂಡು ಒಳಗೆ ಹೋದರು.

ಒಳಗೆ ಮಾತು ಬೇಗ ಮುಗಿಯಿತು. ಒಬ್ಬಳ ತವರುಮನೆ ಮುಳಗುಂದ, ಇನ್ನೊಬ್ಬಳ ಅಣ್ಣನ ಹೊಲ ಶಿರಹಟ್ಟಿಯ ದಾರಿಯಲ್ಲಿ. ಅಲ್ಲಿ ಸುಡುವ ಹತ್ತಿಕಟ್ಟಿಗೆ ಇಲ್ಲಿಗೆ ಬರುವುದು; ತಾರೀಖ ಯಂತ್ರ ತಿರುಗಿಸುವುದು; ಕಟ್ಟಿಗೆ ತರಿಸಿದವರು ಇಟ್ಟಿಗೆ ಒಯ್ಯುವುದು; ಮೊದಲ ಬಿಸಿ ಇಟ್ಟಿಗೆ ರೊಟ್ಟಿಯ ಒಲೆಗೆ. ಇದಕ್ಕೆ ಅವರು ಕಲ್ಯಾಣ ಮಂಟಪ ಹಿಡಿಯಲಿಲ್ಲ. ಯಾರಿಗೂ ಶಾಲು ಹೊದಿಸಲಿಲ್ಲ.

ಯುಗಾದಿಯ ಮುಂಜಾನೆ ಬಸಲಿಂಗಯ್ಯ ಎಣ್ಣೆ ಹಚ್ಚಿಕೊಂಡು ಮಿಂದು, ಬೇವು ಬೆಲ್ಲ ತಿಂದು, ಮಗ್ಗದ ಮನೆಯ ಬಾಗಿಲಲ್ಲಿ ನಿಂತ. ಅವನ ಮುಖದಲ್ಲಿ ಗೆದ್ದವನ ಕಳೆ.

“ನಿನ್ನ ಕರಾರು ನೆನಪೈತೇನು? ಯಂತ್ರ ದಿನಾ ತಿರಗಬೇಕು ಅಂದಿದ್ದಿ. ತಿರಗಾಕತ್ತೈತಿ. ಮಗ್ಗದ ಮನಿ ನಂದು.”

ಬನಶಂಕರೆವ್ವ ಒಲೆ ಕಟ್ಟಲು ಕಲಸಿದ ಮಣ್ಣಿನ ಬುಟ್ಟಿ ಸೊಂಟದ ಮೇಲಿಟ್ಟುಕೊಂಡೇ ನಿಂತಳು. “ಯಂತ್ರ ತಿರಗಾಕತ್ತೈತಿ, ಒಪ್ಪಿದೆ. ನಿಮ್ಮ ಸಾವ್ಕಾರ ಕೈ ಹಾಕ್ಯಾನೇನು?”

“ಹಾಕ್ತಾರ. ಹಾಕೂ ವಿಚಾರ ನಡದೈತಿ.”

“ಹಂಗಾದ್ರ ವಿಚಾರ ಹೊರಗ ಕಟ್ಟಿ ಮ್ಯಾಲ ನಡೀಲಿ. ಕುರ್ಚಿ ನಾ ಅಲ್ಲೇ ಇಡಿಸೀನಿ,” ಎಂದು ಅವಳು ಅವನ ಪಕ್ಕದಿಂದ ಒಳಗೆ ಹೋದಳು. ಮಾವ ಕಾಲು ಇಳಿಬಿಟ್ಟು ನೇಯುತ್ತಿದ್ದ ಕುಣಿ ಮುಚ್ಚಿ, ಅದರ ಮೇಲೆಯೇ ಮೊದಲ ಒಲೆ ಹೂಡಿದಳು. ಯಂತ್ರ ಮೂಲೆಯಲ್ಲಿ ಉಳಿಯಿತು. ಬಸಲಿಂಗಯ್ಯನಿಗೆ ‘ಸಂಸ್ಥಾಪಕ ಸಲಹೆಗಾರ’ ಎಂದು ಹೊಸ ಕಾರ್ಡ್ ಅಚ್ಚಾಯಿತು. ಸಲಹೆ ಕೇಳುವವರ ಹೆಸರಿಗೆ ಕಾರ್ಡಿನಲ್ಲಿ ಜಾಗವಿರಲಿಲ್ಲ, ಅಂಥವರೂ ಇರಲಿಲ್ಲ.

ಸಭೆ ಈಗಲೂ ವಾರಕ್ಕೊಮ್ಮೆ ನಡೆಯುತ್ತದೆ, ಹೊರಗಿನ ಕಟ್ಟೆಯ ಮೇಲೆ. ಬಿಸಿಲಿಗೆ ಮರೆಯಾಗಿ ಸಂವಾದದ ಫ್ಲೆಕ್ಸು ಕಟ್ಟಿಕೊಂಡಿದ್ದಾರೆ. ಮೊನ್ನೆ ಚನ್ನಬಸವಣ್ಣನವರು ಬಂದಾಗ ಒಳಗಿನಿಂದ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಂದವು. ಎರಡನೆಯ ರೊಟ್ಟಿ ಮುರಿಯುತ್ತ ಅವರು, ಇಟ್ಟಿಗೆಯಿಂದ ಹೊಗೆ ಬರುವುದಿಲ್ಲ ಎಂಬುದಕ್ಕೆ ಭದ್ರವಾದ ಆಧಾರ ಸಿಗುವವರೆಗೆ ಹೂಡಿಕೆದಾರರಾದವರು ಅವಸರ ಮಾಡಬಾರದೆಂದು ವಿವರಿಸಿದರು. ಬಸಲಿಂಗಯ್ಯ ಅದಕ್ಕೊಂದು ಸಮಿತಿ ಆಗಬೇಕೆಂದ. ಸಾಹುಕಾರರು ಒಪ್ಪಿ, ಕತ್ತೆತ್ತಿ ಮಗ್ಗದ ಮನೆಯ ಮಾಡಿನ ಕಡೆ ನೋಡಿದರು.

“ಬಸಲಿಂಗಯ್ಯನೋರ, ಇವತ್ತ ಒಳಗ ಒಲಿ ಹಚ್ಚಿಲ್ಲೇನು? ಹೊಗೀನ ಕಾಣವಲ್ದು.”

“ಹಚ್ಚಿಲ್ರೀ ಸಾವ್ಕಾರ್ರ!” ಒಳಗಿನಿಂದ ರಾಮವ್ವನ ದನಿ ಬಂತು, ಕೆಮ್ಮಿಲ್ಲದೆ. “ಆ ರೊಟ್ಟಿ ನಿಮ್ಮ ಭಾಷಣದ ಮ್ಯಾಲ ಬೇಯಿಸೀವಿ!”

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಹತ್ತಿಕಟ್ಟಿಗೆ ಹೇರಿದ ಟ್ರ್ಯಾಕ್ಟರಿನ ಸದ್ದಾಯಿತು. ಬನಶಂಕರೆವ್ವ ಬಾಗಿಲಿಗೆ ಬಂದು, “ಕುರ್ಚಿ ಈಚೆ ಸರಸ್ರಿ, ಗಾಡಿ ಒಳಗ ಬರಬೇಕು” ಎಂದಳು. ಇಬ್ಬರೂ ಮಾತು ನಿಲ್ಲಿಸದೆ, ತಟ್ಟೆಯನ್ನು ಒಂದು ಕೈಯಲ್ಲೂ ಕುರ್ಚಿಯನ್ನು ಇನ್ನೊಂದು ಕೈಯಲ್ಲೂ ಹಿಡಿದು ಬದಿಗೆ ಸರಿದರು.